ಒಂದು ಗೇಮ್ ಆಡೋಕೆ ಇನ್ನೊಂದು ಡಬ್ಬ ಕೊಳ್ಳಬೇಕಾ? ಈ ಎಕ್ಸ್‌ಕ್ಲೂಸಿವ್‌ಗಳಿಂದ ಆಡುವವರಿಗೆ ಏನು ಲಾಭ?

ನಾಗರಬಾವಿ ನಾಣಿ

ಎಲ್ಲರಿಗೂ ನಮಸ್ಕಾರ. ವಿಷಯ ಚಿಕ್ಕದು, ಆದರೆ ಮನೆಯಲ್ಲಿ ಹದಿನೈದು ದಿನದಿಂದ ಇದೇ ರಾಮಾಯಣ.

ಗಣೇಶನ ಹಬ್ಬಕ್ಕೆ ಹೆಬ್ಬಾಳದಲ್ಲಿರುವ ಭಾವನ ಮನೆಗೆ ಹೋಗಿದ್ದೆವು. ಅವರ ಮನೆಯಲ್ಲಿ ಪಿಎಸ್5 ಇದೆ, ಟಿವಿಗೆ ಹಾಕಿ ಗೇಮ್ ಆಡುವ ಸೋನಿಯ ಡಬ್ಬ (ಕನ್ಸೋಲ್). ನನ್ನ ಮಗನಿಗೆ ಎಂಟು ವರ್ಷ. ಭಾವನ ಮಗಳು ಆಸ್ಟ್ರೋ ಬಾಟ್ ಅನ್ನುವ ಪುಟ್ಟ ರೋಬೋ ಗೇಮ್ ಹಾಕಿ ಇವನನ್ನು ಕೂರಿಸಿದಳು. ಅಷ್ಟೇ, ಕಡುಬು ತಿನ್ನಲು ಮೂರು ಸಲ ಕರೆದರೂ ಏಳಲಿಲ್ಲ. ಬೈಯೋಣ ಅಂತ ಪಕ್ಕದಲ್ಲಿ ಹೋಗಿ ಕೂತೆ. ಅವನು ಕಂಟ್ರೋಲರನ್ನು ನನ್ನ ಎರಡೂ ಕೈಗೆ ಹಿಡಿಸಿ, ತಾನು ಹೆಬ್ಬೆರಳಲ್ಲಿ ಸ್ಟಿಕ್ ತಳ್ಳುತ್ತಾ, "ಅಪ್ಪಾ ಕಣ್ಣು ಮುಚ್ಚು, ಈಗ ಎಲ್ಲಿ ನಡೀತಾ ಇದೆ ಹೇಳು" ಅಂದ. ಮರಳಿನ ಮೇಲೆ ಹೋದರೆ ಅಂಗೈಯಲ್ಲಿ ಸರಸರ ಅನ್ನುತ್ತದೆ. ಕಬ್ಬಿಣದ ಮೇಲೆ ಹೋದರೆ ಟಿಕ್ ಟಿಕ್ ಅಂತ ಸಣ್ಣ ಸಣ್ಣ ಹೆಜ್ಜೆ. ನಿಜ ಹೇಳಬೇಕೆಂದರೆ ನನಗೂ ಏಳಲು ಮನಸ್ಸಾಗಲಿಲ್ಲ. ಕಡುಬು ಆರಿ ತಣ್ಣಗಾಯಿತು.

ನಮ್ಮ ಮನೆಯಲ್ಲಿ ಇರುವುದು ಪಿಸಿ. 2021ರಲ್ಲಿ ಎಸ್‌ಪಿ ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು ಒಂದೊಂದೇ ಪಾರ್ಟ್ ತಂದು ಜೋಡಿಸಿದ್ದು. ಚೆನ್ನಾಗಿಯೇ ಓಡುತ್ತಿದೆ. ಆದರೆ ಆಸ್ಟ್ರೋ ಬಾಟ್ ಪಿಸಿಗೆ ಬಂದಿಲ್ಲ. ಅದಕ್ಕೋಸ್ಕರ 50 ಸಾವಿರಕ್ಕೂ ಜಾಸ್ತಿ ಕೊಟ್ಟು ಇನ್ನೊಂದು ಡಬ್ಬ ತರಬೇಕಾ? ಸಿನಿಮಾ ನೋಡಲು ಒಂದೊಂದು ಸಿನಿಮಾಕ್ಕೆ ಒಂದೊಂದು ಟಿವಿ ಕೊಳ್ಳುತ್ತೇವಾ? ಈ ಎಕ್ಸ್‌ಕ್ಲೂಸಿವ್ ಪದ್ಧತಿಯಿಂದ, ಅಂದರೆ ಒಂದು ಗೇಮ್ ಒಂದೇ ಡಬ್ಬಕ್ಕೆ ಮಾತ್ರ ಅನ್ನುವುದರಿಂದ, ಆಡುವ ನಮಗೆ ಒಂದಾದರೂ ಒಳ್ಳೆಯದಿದೆಯಾ, ಇಲ್ಲ ಸುಮ್ನೆ ಜೇಬಿಗೆ ಕತ್ತರಿಯಾ? ಹೇಳಿ.

ಬೈಟು ಕಾಫಿ

ಕತ್ತರಿ.

ಎಸ್‌ಪಿ ರೋಡ್ ಸಂತೆ

ಗುರು, ಕಾಯಿರಿ. ಪಿಸಿ ಇದ್ದವನಿಗೆ ತಾಳ್ಮೆಯೇ ದೊಡ್ಡ ಗ್ರಾಫಿಕ್ಸ್ ಕಾರ್ಡ್. ಸೋನಿಯ ಗಾಡ್ ಆಫ್ ವಾರ್ ಗೇಮ್ ಹಿಂದಿನ ಡಬ್ಬ ಪಿಎಸ್4ಗೆ ಬಂದದ್ದು 2018ರ ಏಪ್ರಿಲ್, ಪಿಸಿಗೆ ಬಂದದ್ದು 2022ರ ಜನವರಿ. ಹೊರೈಜನ್ ಝೀರೋ ಡಾನ್ 2017ರದ್ದು, 2020ರಲ್ಲಿ ಬಂತು. ಸ್ಪೈಡರ್‌ಮ್ಯಾನ್, ಘೋಸ್ಟ್ ಆಫ್ ತ್ಸುಶಿಮಾ ಎಲ್ಲ ಬಂದವು. ನಾನು ಒಂದನ್ನೂ ಪೂರ್ತಿ ಬೆಲೆಗೆ ತೆಗೆದುಕೊಂಡಿಲ್ಲ. ಸೇಲ್ ಬರುತ್ತೆ, ಕೊಳ್ಳುತ್ತೇನೆ, ಆರಾಮಾಗಿ ಆಡುತ್ತೇನೆ. ಇವತ್ತಲ್ಲ ನಾಳೆ ಎಲ್ಲ ಬಂದೇ ಬರುತ್ತೆ.

ಮೂವತ್ತು ಎಫ್‌ಪಿಎಸ್

> ಇವತ್ತಲ್ಲ ನಾಳೆ ಎಲ್ಲ ಬಂದೇ ಬರುತ್ತೆ

ಬ್ಲಡ್‌ಬೋರ್ನ್. ಪಿಎಸ್4ಗೆ ಬಂದದ್ದು 2015ರ ಮಾರ್ಚ್. ಇನ್ನೂ ಕಾಯುತ್ತಿದ್ದೇನೆ ಸ್ವಾಮಿ. ಪಿಸಿ ಬಿಡಿ, ಪಿಎಸ್5ರಲ್ಲಿ ಹಾಕಿದರೂ ಸೆಕೆಂಡಿಗೆ ಅದೇ 30 ಫ್ರೇಮ್. ನಾನು ಇದನ್ನು ಆಡಲು ಶುರು ಮಾಡಿದಾಗ ಬ್ಯಾಚುಲರ್. ಈಗ ಮಗಳು ಎಲ್‌ಕೆಜಿ.

ಹಳೇ ಜಾಯ್‌ಸ್ಟಿಕ್

ಎಂಟು ವರ್ಷದ ಮಗುವಿಗೆ "ನಾಲ್ಕು ವರ್ಷ ಕಾಯಪ್ಪ" ಅಂತ ಹೇಳಿ ನೋಡಿ ಸಂತೆಯವರೇ. ಅಷ್ಟರಲ್ಲಿ ಅವನಿಗೆ ಮೀಸೆ ಚಿಗುರುತ್ತೆ.

ಇದು ಹೊಸ ರೋಗ ಅಲ್ಲ. 2004ರ ಕೊನೆಯಲ್ಲಿ ಜಿಟಿಎ ಸ್ಯಾನ್ ಆಂಡ್ರಿಯಾಸ್ ಗೇಮ್ ಬಂದಾಗ ಮೊದಲು ಪಿಎಸ್2ಗೆ ಮಾತ್ರ. ಪಿಸಿಗೆ ಬಂದದ್ದು 2005ರ ಜೂನ್‌ನಲ್ಲಿ. ಆಗ ರಾಜಾಜಿನಗರದಲ್ಲಿ ನಮ್ಮ ಗ್ಯಾಂಗಿನ ಒಬ್ಬನ ಮನೆಯಲ್ಲಿ ಮಾತ್ರ ಪಿಎಸ್2. ದುಬೈಯಿಂದ ಅವನ ಚಿಕ್ಕಪ್ಪ ತಂದದ್ದು, ಇಲ್ಲಿ ಮೆಜೆಸ್ಟಿಕ್ ಕಡೆ ಒಂದು ಅಂಗಡಿಯಲ್ಲಿ ಕಾಪಿ ಡಿಸ್ಕ್ ಓಡಲಿ ಅಂತ ಚಿಪ್ ಹಾಕಿಸಿದ್ದು. ಆ ಏಳೆಂಟು ತಿಂಗಳು ಅವನು ನಮ್ಮ ಏರಿಯಾದ ಮಹಾರಾಜ. ಅವನ ಹೋಂವರ್ಕ್ ನಾವು ಬರೆಯುತ್ತಿದ್ದೆವು. ಅವನ ಸೈಕಲ್ ಪಂಕ್ಚರ್ ಆದರೆ ನಾವು ತಳ್ಳಿಕೊಂಡು ಹೋಗುತ್ತಿದ್ದೆವು. ಪಿಸಿಗೆ ಗೇಮ್ ಬಂದ ವಾರವೇ ಅವನ ರಾಜ್ಯಭಾರ ಮುಗಿಯಿತು, ನಾವೆಲ್ಲ ಸೈಬರ್ ಕೆಫೆಗೆ ಶಿಫ್ಟ್. ಗಂಟೆಗೆ ಹದಿನೈದೋ ಇಪ್ಪತ್ತೋ ರೂಪಾಯಿ, ಸರಿಯಾಗಿ ನೆನಪಿಲ್ಲ.

ಎಕ್ಸ್‌ಕ್ಲೂಸಿವ್ ಯಾರಿಗೆ ಒಳ್ಳೆಯದು ಅಂದರೆ, ಆ ಹುಡುಗನಿಗೆ ಒಳ್ಳೆಯದು.

ಕೆಂಪು ಕಂಟ್ರೋಲರ್

ಎಲ್ಲರೂ ಬೈಯುವ ಮೊದಲು ಒಂದು ಮಾತು ಕೇಳಿ. ನಾಣಿಯವರೇ, ನಿಮ್ಮ ಮಗ ಕಣ್ಣು ಮುಚ್ಚಿಸಿ ಆಡಿಸಿದ ಆ ಆಟ ಇದೆಯಲ್ಲ, ಅದು ಯಾಕೆ ಸಾಧ್ಯವಾಯಿತು? ಆ ಗೇಮ್ ಮಾಡಿದ ಟೀಮ್ ಸೋನಿಯದ್ದೇ. ಕಂಟ್ರೋಲರ್ ಸೋನಿಯದ್ದೇ. ಯಾವ ಮೋಟಾರ್ ಎಲ್ಲಿದೆ, ಎಷ್ಟು ನಡುಗುತ್ತೆ ಅಂತ ಗೊತ್ತಿಟ್ಟುಕೊಂಡೇ ಒಂದೊಂದು ಹೆಜ್ಜೆ ಮಾಡಿದ್ದಾರೆ. ಎಲ್ಲ ಡಬ್ಬಕ್ಕೂ ಹೊಂದಬೇಕು ಅಂತ ಹೊರಟಿದ್ದರೆ ಸುಮ್ನೆ ಒಂದು "ಬುರ್ರ್" ಇರುತ್ತಿತ್ತು, ಅಷ್ಟೇ.

ನಿಂಟೆಂಡೋ ನಲವತ್ತು ವರ್ಷದಿಂದ ಮಾಡುತ್ತಿರುವುದೂ ಇದೇ. ನಾನು ಅವರ ಡಬ್ಬ ಸ್ವಿಚ್ ಇಟ್ಟುಕೊಂಡಿದ್ದೇನೆ. ಆ ಗೇಮ್‌ಗಳು ಆ ಡಬ್ಬಕ್ಕೇ ಹುಟ್ಟಿದವು. ಅದಕ್ಕೇ ಅಷ್ಟು ಕಡಿಮೆ ಪವರ್ ಇರುವ ಯಂತ್ರದಲ್ಲೂ ಅಷ್ಟು ಚೆನ್ನಾಗಿ ಓಡುತ್ತವೆ.

ಎಸ್‌ಪಿ ರೋಡ್ ಸಂತೆ

ಮೇಡಂ, ಈ "ಈ ಡಬ್ಬದಲ್ಲಿ ಮಾತ್ರ ಸಾಧ್ಯ" ಕಥೆಯನ್ನು ರ‍್ಯಾಚೆಟ್ ಅಂಡ್ ಕ್ಲಾಂಕ್ ರಿಫ್ಟ್ ಅಪಾರ್ಟ್ ಬಂದಾಗಲೂ ಕೇಳಿದ್ದೇವೆ. ಪಿಎಸ್5ರ ಎಸ್‌ಎಸ್‌ಡಿ, ಅಂದರೆ ಆ ವೇಗದ ಡಿಸ್ಕ್, ಇಲ್ಲದೆ ಆಗುವುದೇ ಇಲ್ಲ ಅಂದರು. 2023ರ ಜುಲೈನಲ್ಲಿ ಪಿಸಿಗೆ ಬಂತು. ಜನ ಹಳೇ ಹಾರ್ಡ್ ಡಿಸ್ಕಿನಲ್ಲೂ ಹಾಕಿ ನೋಡಿದರು. ಅಲ್ಲಲ್ಲಿ ತಡವರಿಸಿತು, ಆದರೂ ಓಡಿತು.

ಇನ್ನು ಪಿಎಸ್5 ಕಂಟ್ರೋಲರನ್ನು ಪಿಸಿಗೆ ವೈರ್ ಹಾಕಿ ಜೋಡಿಸಿದರೆ ಎಷ್ಟೋ ಗೇಮ್‌ಗಳಲ್ಲಿ ಆ ನಡುಕವೆಲ್ಲ ಬರುತ್ತೆ. ಆಗಲ್ಲ ಅಂತ ಅಲ್ಲ, ಕೊಡಲ್ಲ ಅಂತ.

ಕೆಂಪು ಕಂಟ್ರೋಲರ್

ತಡವರಿಸಿತು ಅಂತ ನೀವೇ ಹೇಳಿದಿರಿ. ನಾನು ಹೇಳಿದ್ದೂ ಅದೇ.

ಅಮ್ಮನ ಮೊಬೈಲ್

ನಾನು ಅಮ್ಮನ ಫೋನಲ್ಲಿ ಬಿಜಿಎಂಐ, ಅದೇ ನಮ್ಮ ಪಬ್ಜಿ, ಆಡುತ್ತೇನೆ. ಕೊನೆಯ ಸರ್ಕಲ್‌ನಲ್ಲಿ ಇರುವಾಗ ಮೈಸೂರಿನ ದೊಡ್ಡಮ್ಮ ಫೋನ್ ಮಾಡುತ್ತಾರೆ. ನಿಮ್ಮ ಕಷ್ಟ ಎಲ್ಲ ನೋಡಿ ಅಳು ಬರುತ್ತಿದೆ ಅಣ್ಣ.

ಬೈಟು ಕಾಫಿ

ದೊಡ್ಡಮ್ಮ ಎಕ್ಸ್‌ಕ್ಲೂಸಿವ್ 😂

ಲೆಕ್ಕದ ಪುಸ್ತಕ

ಭಾವನೆ ಬದಿಗಿಡಿ, ಲೆಕ್ಕ ನೋಡೋಣ. 2021ರ ಫೆಬ್ರವರಿ 2ಕ್ಕೆ ಪಿಎಸ್5 ಭಾರತಕ್ಕೆ ಬಂದಾಗ ಡಿಸ್ಕ್ ಇರುವುದಕ್ಕೆ 49,990 ರೂಪಾಯಿ. ಆಮೇಲೆ ಏರಿತು. ಸೋನಿಯ ದೊಡ್ಡ ಗೇಮ್ ಒಂದಕ್ಕೆ ಆಗಲೇ 4,999. ಒಂದೇ ಗೇಮಿಗೋಸ್ಕರ ಕೊಂಡರೆ ಆ ಗೇಮಿನ ನಿಜವಾದ ಬೆಲೆ ಐವತ್ತೈದು ಸಾವಿರ. ಹತ್ತು ಎಕ್ಸ್‌ಕ್ಲೂಸಿವ್ ಆಡಿದರೆ ಪ್ರತಿ ಗೇಮಿನ ಮೇಲೆ ಇನ್ನೊಂದು 5 ಸಾವಿರ ಏರುತ್ತೆ, ಅಂದರೆ ಗೇಮ್ ಡಬಲ್ ರೇಟ್. ಅಷ್ಟೇ ಅಲ್ಲ. ಕನ್ಸೋಲಿನಲ್ಲಿ ದುಡ್ಡು ಕೊಟ್ಟ ಗೇಮ್‌ಗಳನ್ನು ಆನ್‌ಲೈನಿನಲ್ಲಿ ಸ್ನೇಹಿತರ ಜೊತೆ ಆಡಲು ಮತ್ತೆ ಚಂದಾ ಕಟ್ಟಬೇಕು. ಪಿಸಿಯಲ್ಲಿ ಆ ಚಂದಾ ಇಲ್ಲ.

ಆದರೆ ನಾಣಿಯವರೇ, ನೀವು 2021ರಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆ ಎಷ್ಟು ಕೊಟ್ಟಿರಿ ಅಂತ ಇಲ್ಲಿ ಬರೆದಿಲ್ಲ. ಗಮನಿಸಿದ್ದೇನೆ.

ನಾಗರಬಾವಿ ನಾಣಿ

ಅದನ್ನು ಬರೆಯಲು ಆಗಲ್ಲ ಸರ್. ನಮ್ಮ ಮನೆಯವರೂ ಇದನ್ನು ಓದುತ್ತಾರೆ.

ಕೋಡ್‌ ಕುಟ್ಟಪ್ಪ

ಬೆಂಗಳೂರಿನಲ್ಲೇ ಗೇಮ್ ಸ್ಟುಡಿಯೋದಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಯಾವುದು ಅಂತ ಕೇಳಬೇಡಿ. ಆಡುವವರ ಕಡೆಯಿಂದ ಎಲ್ಲರೂ ಹೇಳಿದ್ದೀರಿ, ಮಾಡುವವರ ಕಡೆಯಿಂದ ಸ್ವಲ್ಪ.

ಒಂದೇ ಯಂತ್ರಕ್ಕೆ ಗೇಮ್ ಮಾಡುವುದು ಅಂದರೆ ಅಳತೆ ಕೊಟ್ಟು ಬಟ್ಟೆ ಹೊಲಿದ ಹಾಗೆ. ಪಿಸಿಗೆ ಮಾಡುವುದು ಅಂದರೆ ಇಡೀ ಚಿಕ್ಕಪೇಟೆಗೆ ಒಂದೇ ಸೈಜಿನ ಅಂಗಿ ಹೊಲಿದ ಹಾಗೆ. ಒಬ್ಬನದ್ದು ಹಳೇ ಕಾರ್ಡ್, ಒಬ್ಬನದ್ದು ಹೊಸ ಡ್ರೈವರ್, ಒಬ್ಬ ರ‍್ಯಾಮ್ ಅರ್ಧ ಹಾಕಿರುತ್ತಾನೆ. ಟೆಸ್ಟಿಂಗ್ ಟೀಮಿನವರು ಕಣ್ಣೀರು ಹಾಕುವುದು ಅಲ್ಲೇ. ಲಾಸ್ಟ್ ಆಫ್ ಅಸ್ ಮೊದಲ ಭಾಗ 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದಾಗ ಏನಾಯಿತು ನೆನಪಿದೆಯಾ? ಶೇಡರ್ ಕಂಪೈಲ್, ಅಂದರೆ ಆಟಕ್ಕೆ ಮೊದಲು ಗ್ರಾಫಿಕ್ಸ್ ತಯಾರಿ, ಆಗುವುದನ್ನು ನೋಡುತ್ತಾ ಕೂತು ಜನ ಅಡುಗೆ ಮಾಡಿ ಊಟ ಮುಗಿಸಿ ಬಂದರು. ಆಮೇಲೆ ಕ್ರ್ಯಾಶ್. ಪ್ಯಾಚ್ ಮೇಲೆ ಪ್ಯಾಚ್ ಬಂದ ಮೇಲೆ ಸರಿ ಹೋಯಿತು. ಅದೇ ಗೇಮ್ ಪಿಎಸ್5ರಲ್ಲಿ ಮೊದಲ ದಿನದಿಂದ ನೆಟ್ಟಗಿತ್ತು.

ಇನ್ನೊಂದು ವಿಷಯ ದುಡ್ಡು. ಬೇಯೊನೆಟ್ಟಾ 2 ಗೊತ್ತಲ್ವಾ? ಬೇರೆ ಯಾರೂ ದುಡ್ಡು ಹಾಕಲು ಮುಂದೆ ಬರದಿದ್ದಾಗ ನಿಂಟೆಂಡೋ ಹಾಕಿತು. 2014ರಲ್ಲಿ ಅವರದ್ದೇ ಡಬ್ಬ ವೀ ಯೂ ಮೇಲೆ ಮಾತ್ರ ಬಂತು. ಮೊದಲ ಭಾಗವನ್ನು ಪಿಎಸ್3ರಲ್ಲಿ, ಮೈಕ್ರೋಸಾಫ್ಟಿನ ಡಬ್ಬ ಎಕ್ಸ್‌ಬಾಕ್ಸಿನಲ್ಲಿ ಆಡಿದವರು ಬಾಯಿಗೆ ಬಂದ ಹಾಗೆ ಬೈದರು. ಆದರೆ ಎಕ್ಸ್‌ಕ್ಲೂಸಿವ್ ಬೇಡ ಅಂದಿದ್ದರೆ ಎಲ್ಲ ಡಬ್ಬಕ್ಕೂ ಬರುತ್ತಿರಲಿಲ್ಲ. ಯಾವ ಡಬ್ಬಕ್ಕೂ ಬರುತ್ತಿರಲಿಲ್ಲ.

ಹಾಗಾಗಿ ನನ್ನ ಪ್ರಕಾರ ಎಕ್ಸ್‌ಕ್ಲೂಸಿವ್‌ನಲ್ಲಿ ಎರಡು ಜಾತಿ. ತನ್ನ ತೋಟದಲ್ಲಿ ಬೆಳೆದ ಮಾವಿನಹಣ್ಣನ್ನು ತನ್ನ ಅಂಗಡಿಯಲ್ಲೇ ಮಾರುತ್ತೇನೆ ಅನ್ನುವವನು ಒಬ್ಬ. ಮಾರ್ಕೆಟ್ಟಿಗೆ ಬರುತ್ತಿದ್ದ ಲಾರಿಯನ್ನು ತುಮಕೂರು ರಸ್ತೆಯಲ್ಲೇ ನಿಲ್ಲಿಸಿ, ಡ್ರೈವರ್ ಕೈಗೆ ದುಡ್ಡು ತುರುಕಿ, ತನ್ನ ಗೋಡೌನಿಗೆ ತಿರುಗಿಸಿಕೊಳ್ಳುವವನು ಇನ್ನೊಬ್ಬ. ಮೊದಲನೆಯವನ ಮೇಲೆ ನನಗೆ ಸಿಟ್ಟಿಲ್ಲ.

ಎಸ್‌ಪಿ ರೋಡ್ ಸಂತೆ

ಲಾರಿ ತಿರುಗಿಸಿದ್ದಕ್ಕೆ ನಮ್ಮ ಪಿಸಿ ಕಡೆಯದ್ದೇ ಉದಾಹರಣೆ ಇದೆ. ಮೆಟ್ರೋ ಎಕ್ಸೋಡಸ್ 2019ರ ಫೆಬ್ರವರಿ 15ಕ್ಕೆ ಬರಬೇಕಿತ್ತು. ಸ್ಟೀಮ್‌ನಲ್ಲಿ, ಅಂದರೆ ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಲ್ಲಿ, ಜನ ಮುಂಗಡ ಕೊಟ್ಟಾಗಿತ್ತು. ಎರಡು ವಾರ ಇದೆ ಅನ್ನುವಾಗ ಎದುರು ಅಂಗಡಿ ಎಪಿಕ್ ಸ್ಟೋರಿಗೆ ಹೋಯಿತು, ಒಂದು ವರ್ಷ ಅಲ್ಲಿ ಮಾತ್ರ. ಡಬ್ಬ ಬೇರೆ ಇಲ್ಲ, ಏನೂ ಬೇರೆ ಇಲ್ಲ. ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಐಕಾನ್ ಒತ್ತಬೇಕು. ಆಡುವವನಿಗೆ ಇದರಿಂದ ಏನು ಸಿಕ್ಕಿತು?

ಲೆಕ್ಕದ ಪುಸ್ತಕ

ಮುಂಗಡ ಕೊಟ್ಟವರಿಗೆ ಸ್ಟೀಮ್‌ನಲ್ಲೇ ಗೇಮ್ ಸಿಕ್ಕಿತು, ಅದನ್ನೂ ಹೇಳಿ. ಆಮೇಲೆ ಎಪಿಕ್ ಗೇಮ್ ಮಾಡಿದವರಿಂದ ಆಗ ಹಿಡಿದುಕೊಳ್ಳುತ್ತಿದ್ದದ್ದು ನೂರಕ್ಕೆ 12. ಸ್ಟೀಮ್‌ನಲ್ಲಿ ಸಾಮಾನ್ಯವಾಗಿ 30. ಮಾಡುವವನಿಗೆ ಜಾಸ್ತಿ ಉಳಿಯಿತು. ನಮಗೆ ವಾರವಾರ ಪುಕ್ಕಟೆ ಗೇಮ್ ಸಿಗುತ್ತಿದೆ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ಮಧ್ಯೆ ಜಿಟಿಎ 5 ಫ್ರೀ ಕೊಟ್ಟಾಗ ಈ ಗುಂಪಿನವರೆಲ್ಲ ರಾತ್ರಿ ಎದ್ದು ಕೂತಿದ್ದು ಯಾಕೆ?

ಎಸ್‌ಪಿ ರೋಡ್ ಸಂತೆ

ಅದು ಬೇರೆ. ಪುಕ್ಕಟೆಗೆ ಸಿದ್ಧಾಂತ ಇಲ್ಲ.

ಗೇರ್ ಐದು

ಎಕ್ಸ್‌ಬಾಕ್ಸ್ ಇಟ್ಟುಕೊಂಡವನು ಮಾತಾಡಬಹುದಾ? ನಮ್ಮ ಕಥೆ ಉಲ್ಟಾ. ನಾನು ಎಕ್ಸ್‌ಬಾಕ್ಸ್ ಸೀರೀಸ್ ಎಸ್ ತೆಗೆದುಕೊಂಡದ್ದೇ ಕಾರ್ ರೇಸಿನ ಫೋರ್ಜಾ, ಗುಂಡು ಹಾರಿಸುವ ಗೇರ್ಸ್ ಇಲ್ಲಿ ಮಾತ್ರ ಅಂತ. ಈಗ 2025ರ ಏಪ್ರಿಲ್‌ನಲ್ಲಿ ಫೋರ್ಜಾ ಹೊರೈಜನ್ 5 ಪಿಎಸ್5ಗೆ ಹೋಯಿತು. ಆಗಸ್ಟ್‌ನಲ್ಲಿ ಗೇರ್ಸ್ ಹೋಯಿತು. ಇಂಡಿಯಾನಾ ಜೋನ್ಸ್ ಹೋಯಿತು. ಆಫೀಸಿನಲ್ಲಿ ಪಿಎಸ್5 ಇರುವವನು ಬಂದು "ನಿನ್ನ ಗೇಮ್ ಎಲ್ಲ ನಮ್ಮ ಮನೇಲೂ ಇದೆ, ನಮ್ಮದು ನಿಮ್ಮ ಮನೇಲಿ ಇಲ್ಲ" ಅಂತಾನೆ. ಊಟದ ಡಬ್ಬಿ ಅವನ ತಲೆಗೆ ಎಸೆಯೋಣ ಅನ್ನಿಸುತ್ತೆ.

ಎಕ್ಸ್‌ಕ್ಲೂಸಿವ್ ಹೋಗಬೇಕು ಅಂತ ಹೇಳುವುದು ಸುಲಭ. ಒಂದೇ ಕಡೆಯಿಂದ ಹೋದರೆ ಎಕ್ಸ್‌ಬಾಕ್ಸ್ ಕೊಳ್ಳುವವರು ಯಾರು? ನಾಳೆ ಒಂದೇ ಡಬ್ಬ ಉಳಿದರೆ ಬೆಲೆ ಯಾರು ಹಿಡಿದು ನಿಲ್ಲಿಸುತ್ತಾರೆ? 2013ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ ದಿನಕ್ಕೊಮ್ಮೆ ಇಂಟರ್ನೆಟ್ ಬೇಕೇ ಬೇಕು, ಹಳೇ ಡಿಸ್ಕ್ ಮಾರಲು ನಿಯಮ ಅಂತೆಲ್ಲ ಹೇಳಿದ್ದರು. ಪಕ್ಕದಲ್ಲಿ ಪಿಎಸ್4 ನೂರು ಡಾಲರ್ ಕಡಿಮೆಗೆ ನಿಂತಿತ್ತು, ಡಿಸ್ಕ್ ಯಾರಿಗೆ ಬೇಕಾದರೂ ಕೊಡಿ ಅಂದಿತ್ತು. ಎರಡೇ ವಾರದಲ್ಲಿ ಮೈಕ್ರೋಸಾಫ್ಟ್ ಆ ನಿಯಮ ವಾಪಸ್ ತೆಗೆದುಕೊಂಡಿತು. ಎದುರಿಗೆ ಇನ್ನೊಂದು ಅಂಗಡಿ ಇದ್ದದ್ದಕ್ಕೇ ಅಲ್ವಾ?

ಹಳೇ ಜಾಯ್‌ಸ್ಟಿಕ್

ಇದು ಸರಿಯಾದ ಮಾತು. ಸೆಗಾ ಕಂಪನಿ 2001ರಲ್ಲಿ ಡಬ್ಬ ಮಾಡುವುದನ್ನು ಬಿಟ್ಟಾಗ ಅವರ ಗೇಮ್ ಹೀರೋ ಸೋನಿಕ್ ನಿಂಟೆಂಡೋ ಮನೆಗೆ ಬಾಡಿಗೆಗೆ ಬಂದ. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಯೋಚಿಸಿದರೆ, ಒಂದು ಮನೆಯೇ ಬಾಗಿಲು ಹಾಕಿತ್ತು.

ಕೋಡ್‌ ಕುಟ್ಟಪ್ಪ

ಫೋರ್ಜಾ ಅಂದಿರಲ್ಲ, ಒಂದು ತಮಾಷೆ. ಆ ಸರಣಿಯ ಎಷ್ಟೋ ಕಾರುಗಳ ಕೆಲಸ ನಡೆದದ್ದು ನಮ್ಮ ಬೆಂಗಳೂರಿನ ಧ್ರುವ ಇಂಟರಾಕ್ಟಿವ್‌ನಲ್ಲಿ. 1997ರಲ್ಲಿ ರಾಜೇಶ್ ರಾವ್ ಶುರು ಮಾಡಿದ ಸ್ಟುಡಿಯೋ. 2019ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡಿತು. ಇಲ್ಲಿ ಕೂತು ಬಂಪರ್, ಹೆಡ್‌ಲೈಟ್, ಸೀಟಿನ ಹೊಲಿಗೆಯವರೆಗೆ ಮಾಡಿದ ಹುಡುಗರಲ್ಲಿ ಮನೆಯಲ್ಲಿ ಪ್ಲೇಸ್ಟೇಷನ್ ಇದ್ದವರಿಗೆ ಆಗ ತಾವೇ ಮಾಡಿದ ಕಾರು ಓಡಿಸಲು ಆಗುತ್ತಿರಲಿಲ್ಲ.

ಬೈಟು ಕಾಫಿ

ಸಿಲ್ಕ್ ಬೋರ್ಡ್‌ನಲ್ಲಿ ನಿಜವಾದ ಕಾರನ್ನೂ ಓಡಿಸಲು ಆಗಲ್ಲ. ಅಭ್ಯಾಸ ಇದೆ.

ಕೆಂಪು ಕಂಟ್ರೋಲರ್

ತಮಾಷೆ ಅಂದರೆ ಇನ್ನೊಂದಿದೆ. ರಾಜಿ ಅಂತ ಗೇಮ್. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಮಾಡಿದ್ದು, ನಮ್ಮ ಪುರಾಣದ ಕಥೆ, ದುರ್ಗೆ, ವಿಷ್ಣು ಎಲ್ಲ ಇದ್ದಾರೆ. 2020ರ ಆಗಸ್ಟ್‌ನಲ್ಲಿ ಮೊದಲು ಬಂದದ್ದು ಎಲ್ಲಿ? ಸ್ವಿಚ್‌ನಲ್ಲಿ ಮಾತ್ರ. ನಿಂಟೆಂಡೋ ಸ್ವಿಚ್ಚನ್ನು ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯೇ ಮಾಡಿರಲಿಲ್ಲ! ಅಂದರೆ ನಮ್ಮವರು ಮಾಡಿದ, ನಮ್ಮ ದೇವರಿರುವ ಆಟ, ನಮ್ಮೂರಲ್ಲಿ ಮಾರದೇ ಇರುವ ಯಂತ್ರಕ್ಕೆ ಮೀಸಲು.

ನಾನು ಸ್ವಿಚ್ ತರಿಸಿಕೊಂಡದ್ದು ಸಿಂಗಾಪುರದಿಂದ, ಅಕ್ಕನ ಸೂಟ್‌ಕೇಸಿನಲ್ಲಿ, ಸೀರೆ ಮಡಿಕೆಯ ಮಧ್ಯೆ. ಆರು ತಿಂಗಳಿಗೆ ಎಡಗಡೆ ಜಾಯ್‌ಕಾನ್ (ಅದರ ಕಂಟ್ರೋಲರ್) ಮುಟ್ಟದಿದ್ದರೂ ತನ್ನಷ್ಟಕ್ಕೆ ತಾನು ನಡೆಯಲು ಶುರು ಮಾಡಿತು. ಇಲ್ಲಿ ವಾರಂಟಿ ಯಾರು ಕೊಡಬೇಕು? ಒಂದು ಅಂಗಡಿಯವನು ಬಿಚ್ಚಿ ನೋಡಿ, ಒಂದು ಸ್ಕ್ರೂ ಕಳೆದು, 800 ರೂಪಾಯಿ ತೆಗೆದುಕೊಂಡು ಕಳಿಸಿದ. ಈಗ ಅದು ಇನ್ನೂ ಜೋರಾಗಿ ನಡೆಯುತ್ತೆ.

ಎಸ್‌ಪಿ ರೋಡ್ ಸಂತೆ

ಅಂದರೆ ಎಕ್ಸ್‌ಕ್ಲೂಸಿವ್ ಕೆಟ್ಟದ್ದು ಅಂತ ಒಪ್ಪಿಕೊಂಡಿರಿ.

ಕೆಂಪು ಕಂಟ್ರೋಲರ್

ಇಲ್ಲ. ಆಟ ಚೆನ್ನಾಗಿದೆ, ಅಂಗಡಿ ಇಲ್ಲ ಅಂತ ಹೇಳಿದೆ. ಓದಿಕೊಳ್ಳಿ. ರಾಜಿ ಅಕ್ಟೋಬರ್‌ಗೆ ಪಿಸಿಗೂ ಬಂತು, ಎಲ್ಲ ಕಡೆ ಬಂತು. ಎರಡು ತಿಂಗಳು ಯಾರೂ ಸಾಯಲಿಲ್ಲ. ನಿಂಟೆಂಡೋ ಒಂದು ವೇದಿಕೆಯಲ್ಲಿ ಎತ್ತಿ ತೋರಿಸಿದ್ದಕ್ಕೆ ಅಷ್ಟು ಜನರಿಗೆ ಆ ಹೆಸರು ಗೊತ್ತಾಯಿತು, ಅದು ಆ ಟೀಮಿಗೆ ಲಾಭವೇ.

ಕನ್ನಡ ಪಂಡಿತ ಅಲ್ಲ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮೇಡಂ "ಮೀಸಲು" ಅಂದರು. ಎಕ್ಸ್‌ಕ್ಲೂಸಿವ್‌ಗೆ "ಮೀಸಲು ಆಟ" ಅನ್ನಬಹುದಲ್ವಾ? ಚೆನ್ನಾಗಿದೆ.

ಬೈಟು ಕಾಫಿ

ಬಿಎಂಟಿಸಿ ಸೀಟ್ ನೆನಪಾಗುತ್ತೆ. ಹೆಂಗಸರಿಗೆ ಮೀಸಲು, ಹಿರಿಯರಿಗೆ ಮೀಸಲು, ಪಿಎಸ್5 ಇರುವವರಿಗೆ ಮೀಸಲು.

ಗೇರ್ ಐದು

ಟೈಮ್ಡ್ ಎಕ್ಸ್‌ಕ್ಲೂಸಿವ್‌ಗೆ ಏನಂತೀರಿ? "ಸದ್ಯಕ್ಕೆ ಮೀಸಲು"?

ಕನ್ನಡ ಪಂಡಿತ ಅಲ್ಲ

ಟವಲ್ ಹಾಕಿದ್ದು.

ಮಾಡರೇಟರ್

ಟವಲ್ ತೆಗೆದು ವಿಷಯಕ್ಕೆ ಬನ್ನಿ.

ಕೋಡ್‌ ಕುಟ್ಟಪ್ಪ

ಟವಲ್ ಸರಿಯಾದ ಪದ ಮಾಡರೇಟರ್ ಸರ್, ಬಿಡಿ. ನಾನು ಆಗ ಲಾರಿ ಅಂದದ್ದು ಅದನ್ನೇ. ರೈಸ್ ಆಫ್ ದ ಟೂಂಬ್ ರೈಡರ್ 2015ರ ನವೆಂಬರ್‌ಗೆ ಎಕ್ಸ್‌ಬಾಕ್ಸ್‌ಗೆ ಬಂತು, ಪಿಎಸ್4ರವರು ಮುಂದಿನ ಅಕ್ಟೋಬರ್‌ವರೆಗೆ ನಿಂತುಕೊಂಡೇ ಪ್ರಯಾಣ. ಇಲ್ಲಿ ಎಕ್ಸ್‌ಕ್ಲೂಸಿವ್ ಅಂತ ಆಟದ ಗುಣ ಏನೂ ಮೇಲಾಗಲಿಲ್ಲ.

ಇನ್ನೂ ದೊಡ್ಡ ಟವಲ್ ಅಂದರೆ ಇಡೀ ಕಂಪನಿ ಕೊಳ್ಳುವುದು. ಮೈಕ್ರೋಸಾಫ್ಟ್ 2021ರಲ್ಲಿ ಬೆಥೆಸ್ಡಾ ಅನ್ನುವ ಗೇಮ್ ಕಂಪನಿಯ ಮಾತೃಸಂಸ್ಥೆಯನ್ನು 750 ಕೋಟಿ ಡಾಲರ್‌ಗೆ ಕೊಂಡಿತು. ಸ್ಟಾರ್‌ಫೀಲ್ಡ್ 2023ರಲ್ಲಿ ಬಂದಾಗ ಪ್ಲೇಸ್ಟೇಷನ್‌ಗೆ ಇಲ್ಲ. ರೆಡ್‌ಫಾಲ್‌ಗಂತೂ ಪಿಎಸ್5 ಆವೃತ್ತಿಯ ಕೆಲಸ ನಡೆಯುತ್ತಿತ್ತು, ಕೈ ಬದಲಾದ ಮೇಲೆ ನಿಲ್ಲಿಸಿದರು ಅಂತ ಅದನ್ನು ಮಾಡಿದವರೇ ಹೇಳಿದರು.

ಗೇರ್ ಐದು

ರೆಡ್‌ಫಾಲ್ ಆಡಿದವನು ನಾನು. ಪಿಎಸ್5ರವರಿಗೆ ಅದು ಬರದಿದ್ದದ್ದು ಅವರ ಪೂರ್ವಜನ್ಮದ ಪುಣ್ಯ.

ಲೆಕ್ಕದ ಪುಸ್ತಕ

ಎಲ್ಲ ಕಡೆ ಬಿಟ್ಟರೆ ನಷ್ಟ ಅನ್ನುವವರಿಗೆ ಒಂದು ಉದಾಹರಣೆ: ಮಾನ್ಸ್ಟರ್ ಹಂಟರ್. ಎಷ್ಟೋ ವರ್ಷ ಒಂದು ಡಬ್ಬದಿಂದ ಇನ್ನೊಂದಕ್ಕೆ ಹಾರುತ್ತಾ ಇತ್ತು, ಪಿಎಸ್‌ಪಿ, 3ಡಿಎಸ್ ಹೀಗೆ. 2018ರಲ್ಲಿ ಅದರ "ವರ್ಲ್ಡ್" ಅನ್ನುವ ಭಾಗ ಬಂದಾಗ ಪಿಎಸ್4, ಎಕ್ಸ್‌ಬಾಕ್ಸ್, ಪಿಸಿ ಮೂರಕ್ಕೂ ಬಿಟ್ಟರು. ಕ್ಯಾಪ್‌ಕಾಮ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಮಾರಾಟವಾದ ಗೇಮ್ ಅದೇ ಆಯಿತು. ಸೋನಿಯೇ 2024ರ ಫೆಬ್ರವರಿಯಲ್ಲಿ ಹೆಲ್‌ಡೈವರ್ಸ್ 2 ಅನ್ನು ಪಿಎಸ್5, ಪಿಸಿ ಎರಡಕ್ಕೂ ಒಂದೇ ದಿನ ಬಿಟ್ಟಿತು. ಜೊತೆಯಲ್ಲಿ ಆಡುವ ಆಟಕ್ಕೆ ಗೋಡೆ ಕಟ್ಟಿದರೆ ಜೊತೆಗೆ ಯಾರು ಸಿಗುತ್ತಾರೆ?

ಅಮ್ಮನ ಮೊಬೈಲ್

ಅದೇ ಗೇಮಿಗೆ ಪಿಎಸ್‌ಎನ್ ಅಕೌಂಟ್, ಅಂದರೆ ಸೋನಿಯ ಆನ್‌ಲೈನ್ ಖಾತೆ, ಬೇಕೇ ಬೇಕು ಅಂತ ಗಲಾಟೆ ಆಗಿ ಇಂಡಿಯಾದಲ್ಲಿ ಮಾರಾಟ ನಿಲ್ಲಿಸಿದ್ದರಲ್ವಾ ಅಣ್ಣ?

ಲೆಕ್ಕದ ಪುಸ್ತಕ

ಇಲ್ಲಪ್ಪ. ನಿಲ್ಲಿಸಿದ್ದು ಪಿಎಸ್‌ಎನ್ ಇಲ್ಲದ 170ಕ್ಕೂ ಹೆಚ್ಚು ದೇಶ, ಪ್ರದೇಶಗಳಲ್ಲಿ. ನಮ್ಮಲ್ಲಿ ಪಿಎಸ್‌ಎನ್ ಇದೆ. 2024ರ ಮೇ ತಿಂಗಳಲ್ಲಿ ಜನ ಸ್ಟೀಮ್‌ನಲ್ಲಿ ಕೆಟ್ಟ ವಿಮರ್ಶೆಗಳ ಮಳೆ ಸುರಿಸಿದ ಮೇಲೆ ಸೋನಿ ಆ ನಿಯಮ ಕೈಬಿಟ್ಟಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಗೇಮ್ ಎಕ್ಸ್‌ಬಾಕ್ಸ್‌ಗೂ ಬಂತು.

ಗೇರ್ ಐದು

ಹೌದು! ಆ ಆಫೀಸಿನವನ ಜೊತೆ ಈಗ ಅದನ್ನೇ ಆಡುತ್ತಿದ್ದೇನೆ. ಅವನು ಪಿಎಸ್5ರಿಂದ, ನಾನು ಎಕ್ಸ್‌ಬಾಕ್ಸ್‌ನಿಂದ. ನಿನ್ನೆ ಬೇಕು ಅಂತ ಅವನ ಮೇಲೆ ಬಾಂಬ್ ಹಾಕಿದೆ. ಊಟದ ಡಬ್ಬಿಗಿಂತ ಸಮಾಧಾನ ಆಯಿತು.

ಹಳೇ ಜಾಯ್‌ಸ್ಟಿಕ್

ಇನ್ನೊಂದು ಯಾರೂ ಹೇಳಲಿಲ್ಲ. ಡಬ್ಬ ಸತ್ತರೆ ಗೇಮ್ ಏನಾಗುತ್ತೆ? ವೀ ಯೂ, 3ಡಿಎಸ್‌ಗಳ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದವು ಇನ್ನು ಹೊಸದಾಗಿ ಕೊಳ್ಳಲು ಸಿಗುವುದಿಲ್ಲ. ಡಬ್ಬವಿಲ್ಲದೆ ಇಂಟರ್ನೆಟ್ಟಿನಲ್ಲೇ ಗೇಮ್ ಓಡಿಸುತ್ತಿದ್ದ ಗೂಗಲ್ ಸ್ಟೇಡಿಯಾ 2023ರ ಜನವರಿಯಲ್ಲಿ ಮುಚ್ಚಿತು. ಅದಕ್ಕೇ ಮೀಸಲಾಗಿದ್ದ ಗಿಲ್ಟ್ ಅನ್ನುವ ಗೇಮ್ ಪುಣ್ಯಕ್ಕೆ ಅದೇ ವರ್ಷ ಬೇರೆ ಡಬ್ಬಗಳಿಗೆ ಬಂತು. ಎಲ್ಲಕ್ಕೂ ಆ ಅದೃಷ್ಟ ಇರಲ್ಲ.

ನನ್ನ ಪಿಎಸ್2 ಇನ್ನೂ ಅಟ್ಟದ ಮೇಲೆ ಇದೆ. ಕಳೆದ ತಿಂಗಳು ಇಳಿಸಿದೆ. ಲೇಸರ್ ಡಿಸ್ಕ್ ಓದುತ್ತಿಲ್ಲ. ಹೆಂಡತಿ ಗುಜರಿಗೆ ಹಾಕಿ ಅಂದಳು. ಬಟ್ಟೆಯಲ್ಲಿ ಒರೆಸಿ ಮತ್ತೆ ಮೇಲಿಟ್ಟೆ.

ಮೂವತ್ತು ಎಫ್‌ಪಿಎಸ್

ಅದಕ್ಕೇ ಹೇಳುತ್ತಿದ್ದೇನೆ, ಬ್ಲಡ್‌ಬೋರ್ನ್ ಪಿಸಿಗೆ ಬಿಡಿ ಅಂತ.

ಎಸ್‌ಪಿ ರೋಡ್ ಸಂತೆ

ಪಾಪ ಯಾರಾದರೂ ಇವರಿಗೆ ಕಾಫಿ ಕೊಡಿಸಿ.

ಕೆಂಪು ಕಂಟ್ರೋಲರ್

ಎಲ್ಲರೂ ಸಿದ್ಧಾಂತ ಮಾತಾಡಿ ಮಗುವನ್ನೇ ಮರೆತಿರಿ. ನಾಣಿಯವರೇ, ಕೊಳ್ಳಬೇಡಿ. ಭಾವನ ಹತ್ತಿರ ದಸರಾ ರಜೆಗೆ ಕೇಳಿ. ಪಿಎಸ್5 ಒಳಗೆ ಆಸ್ಟ್ರೋಸ್ ಪ್ಲೇರೂಮ್ ಅಂತ ಇನ್ನೊಂದು ಗೇಮ್ ಪುಕ್ಕಟೆಯಾಗಿ ಬಂದಿರುತ್ತೆ, ಅದೇ ರೋಬೋ, ಅದೇ ಸರಸರ, ಟಿಕ್ ಟಿಕ್. ಅದನ್ನೂ ಆಡಲಿ. ಎರಡೂ ಮುಗಿಸಿದ ಮೇಲೂ ಬೇಕು ಅಂದರೆ ಆಗ ಯೋಚಿಸಿ. ಎಂಟು ವರ್ಷದವರ ಆಸೆ ಎಷ್ಟೋ ಸಲ ಎರಡು ವಾರದ್ದು.

ಲೆಕ್ಕದ ಪುಸ್ತಕ

ಖರ್ಚು: ಹೆಬ್ಬಾಳಕ್ಕೆ ಹೋಗಿ ಬರುವ ಪೆಟ್ರೋಲ್. ನನ್ನ ಒಪ್ಪಿಗೆ ಇದೆ.

ಬೈಟು ಕಾಫಿ

ಹೆಬ್ಬಾಳ ಫ್ಲೈಓವರ್ ಮೇಲೆ ನಿಂತಿರುವ ಹೊತ್ತಿನಲ್ಲಿ ಪಿಸಿ ಆವೃತ್ತಿಯೇ ಬಂದುಬಿಡಬಹುದು.

ನಾಗರಬಾವಿ ನಾಣಿ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ. ಕೆಂಪು ಕಂಟ್ರೋಲರ್ ಮೇಡಂ ಹೇಳಿದ ಹಾಗೆ ಭಾವನನ್ನು ಕೇಳಿದೆ. "ಅದಕ್ಕೇನು, ತಗೊಂಡು ಹೋಗಿ" ಅಂದರು. ಆದರೆ ಅವರ ಮಗಳು ಸುಮ್ನೆ ಕೊಡಲಿಲ್ಲ. ಅವಳಿಗೆ ನನ್ನ ಪಿಸಿ ಬೇಕಂತೆ, ಗೇಮನ್ನೇ ಬದಲಾಯಿಸುವ ಏನೋ ಮೋಡ್ ಹಾಕಿ ಆಡಬೇಕಂತೆ, ಅದು ಕನ್ಸೋಲಿನಲ್ಲಿ ಬರಲ್ಲವಂತೆ. ಹಾಗಾಗಿ ರಜೆ ಮುಗಿಯುವವರೆಗೆ ಅದಲು ಬದಲು. ನನ್ನ ಪಿಸಿಯನ್ನು ಹಾಸಿಗೆ ಸುತ್ತಿ ಕಾರಿನ ಹಿಂದೆ ಮಲಗಿಸಿ ಹೆಬ್ಬಾಳಕ್ಕೆ ಬಿಟ್ಟು, ಪಿಎಸ್5 ತಂದೆ.

ಮನೆಗೆ ಬಂದು ನೋಡಿದರೆ ಕರೆಂಟ್ ವೈರ್ ಇಲ್ಲ. ಅಲ್ಲೇ ಟಿವಿ ಹಿಂದೆ ಉಳಿದಿದೆ. ರಾತ್ರಿ ಒಂಬತ್ತೂವರೆ. ಮಗ ಟಿವಿ ಮುಂದೆ ಚಾಪೆ ಹಾಕಿಕೊಂಡು ಕೂತಿದ್ದಾನೆ. ಮತ್ತೆ ಹೆಬ್ಬಾಳಕ್ಕೆ ಹೋಗುವುದಾ? ಯಾರಾದರೂ ಬೇಗ ಹೇಳಿ.

ಹಳೇ ಜಾಯ್‌ಸ್ಟಿಕ್

ಹೋಗಬೇಡಿ! ಆ ಎಂಟರ ಆಕಾರದ ಪಿನ್ ಅಲ್ವಾ? ನನ್ನ ಹಳೇ ದಪ್ಪ ಪಿಎಸ್2ರದ್ದೂ ಅದೇ. ಮನೆಯಲ್ಲಿ ಹಳೇ ಟೇಪ್ ರೆಕಾರ್ಡರ್, ಪ್ರಿಂಟರ್, ಸೆಟ್ ಟಾಪ್ ಬಾಕ್ಸ್ ಯಾವುದರ ವೈರ್ ಆದರೂ ನೋಡಿ. ತೀರಾ ತೆಳ್ಳಗಿರುವುದು, ಸುಲಿದಿರುವುದು ಮಾತ್ರ ಹಾಕಬೇಡಿ.

ಎಸ್‌ಪಿ ರೋಡ್ ಸಂತೆ

ಕೊನೆಗೂ ಎಲ್ಲ ಡಬ್ಬಕ್ಕೂ ಆಗುವ ಒಂದು ಸಿಕ್ಕಿತು.

ನಾಗರಬಾವಿ ನಾಣಿ

ಪ್ರಿಂಟರಿನ ವೈರ್ ಹಾಕಿದೆ. ನೀಲಿ ದೀಪ ಬಂತು, ಬೀಪ್ ಅಂತು. ಈಗ ಮಗ ಅವನ ಅಮ್ಮನ ಕೈಗೆ ಕಂಟ್ರೋಲರ್ ಹಿಡಿಸಿ ಕಣ್ಣು ಮುಚ್ಚಿಸಿದ್ದಾನೆ. ಅವಳು "ರಾಗಿ ಬೀಸಿದ ಹಾಗಿದೆ" ಅಂತಿದ್ದಾಳೆ.

ಬೈಟು ಕಾಫಿ

ನಾಳೆ ಪ್ರಿಂಟ್ ಬೇಕಾದರೆ?

ನಾಗರಬಾವಿ ನಾಣಿ

ನಾಳೆ ಭಾನುವಾರ.